ಪಾಪ: ಉಲಿ ಒಂದು, ಬೇರು ಹಲವು

ಇಂದು 'ಪಾಪ' ಎಂಬ ಎರಡಕ್ಷರದ ಮಾತಿನ ಬೆನ್ನು ಹತ್ತೋಣ.

ಪುಣ್ಯಕ್ಕೆ ಎದುರಾದ ಪಾಪ ಸಂಸ್ಕೃತದಿಂದ ಬಂದದ್ದು. ನೊಂದವರನ್ನು ಕಂಡು ನಾವು 'ಅಯ್ಯೋ ಪಾಪ' ಎನ್ನುವುದೂ ಅದೇ; ತಪ್ಪು ಎಂಬ ಅರ್ಥ ಕರಗಿ ಕನಿಕರವಾಗಿದೆ. ಆದರೆ ತೊಟ್ಟಿಲ ಕೂಸನ್ನು 'ಪಾಪ', 'ಪಾಪು' ಅನ್ನುತ್ತೇವಲ್ಲ, ಅದು ಬೇರೆಯೇ ಮಾತು, ದ್ರಾವಿಡದ್ದು. ತೆಲುಗರಿಗೂ ಮಗು 'ಪಾಪ', ತಮಿಳರಿಗೆ 'ಪಾಪ್ಪಾ'. ಕಣ್ಣಿನ ಪಾಪೆಯೂ ಈ ಮನೆಯದೇ. ಎದುರು ನಿಂತವರ ಬಿಂಬ ಅಲ್ಲಿ ಪುಟ್ಟ ಬೊಂಬೆಯಾಗಿ ಕಾಣುತ್ತದೆ ನೋಡಿ. ಸೋಜಿಗವೆಂದರೆ, ಲ್ಯಾಟಿನ್ನಿನಲ್ಲೂ ಅದರ ಹೆಸರು 'ಪುಪಿಲ್ಲ', ಅಂದರೆ ಪುಟ್ಟ ಬೊಂಬೆ. ಇವರಿಂದ ಅವರು ಕಲಿತದ್ದಲ್ಲ. ಕಣ್ಣೊಳಗೆ ಇಬ್ಬರೂ ಕಂಡದ್ದು ಒಂದನ್ನೇ.

ಯುರೋಪಿನ ಹಲವೆಡೆ ಪಾಪ ಎಂದರೆ ಅಪ್ಪ. ಗ್ರೀಕ್ ಮಕ್ಕಳು ಅಪ್ಪನನ್ನು ಕರೆಯುತ್ತಿದ್ದ 'ಪಾಪ್ಪಾಸ್' ಲ್ಯಾಟಿನ್ನಿಗೆ ಬಂದು 'ಪಾಪ' ಆಯಿತು, ಮುಂದೆ ರೋಮಿನ ಪೋಪರ ಬಿರುದಾಯಿತು. ತುಟಿ ಮುಚ್ಚಿ ತೆರೆದರೆ ಪ, ಬ, ಮ ಹುಟ್ಟುತ್ತವೆ. ಕೂಸಿಗೆ ಬೇಗ ಒಲಿಯುವ ಈ ಉಲಿಗಳನ್ನು ಹೆತ್ತವರು ತಮ್ಮನ್ನೇ ಕರೆದದ್ದೆಂದು ಸಂಭ್ರಮಿಸುತ್ತಾರೆ. ರೋಮನ್ ಯಾಕಬ್ಸನ್ ಎಂಬ ಭಾಷಾವಿಜ್ಞಾನಿ 1960ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಯಾವ ಉಲಿ ಯಾರ ಪಾಲಿಗೆ ಎಂಬುದು ಮಾತ್ರ ಆಯಾ ಜನರ ರೂಢಿ. ಜಾರ್ಜಿಯನ್ನರಲ್ಲಿ 'ಮಾಮ' ಎಂದರೆ ಅಪ್ಪ, ನಮ್ಮಲ್ಲಿ ಸೋದರಮಾವ.

ಇನ್ನು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಿಗೆ ಹೋದರೆ, ಕೆಚುವಾ ಭಾಷೆಯಲ್ಲಿ ಪಾಪ ಎಂದರೆ ಆಲೂಗಡ್ಡೆ! ಆ ಗಡ್ಡೆಯನ್ನು ಸಾವಿರಾರು ವರ್ಷಗಳ ಹಿಂದೆ ಮೊದಲು ಬೇಸಾಯಕ್ಕೆ ತಂದವರು ಆ ಸೀಮೆಯ ಜನ. ಸ್ಪೇನಿನವರು ಬಂದು ಬೆಳೆಯನ್ನೂ ಹೆಸರನ್ನೂ ತೆಗೆದುಕೊಂಡರು. ಪೆರುವಿನ ಸ್ಪ್ಯಾನಿಷಿನಲ್ಲಿ ಇಂದಿಗೂ 'ಲಾ ಪಾಪ' ಎಂದು ಸ್ತ್ರೀಲಿಂಗದಲ್ಲಿ ಹೇಳಿದರೆ ಆಲೂಗಡ್ಡೆ, 'ಎಲ್ ಪಾಪ' ಎಂದು ಪುಲ್ಲಿಂಗದಲ್ಲಿ ಹೇಳಿದರೆ ಪೋಪ್.

ಉಲಿ ಹೊಂದಿತೆಂದು ಎರಡು ಭಾಷೆಗಳಿಗೆ ರಕ್ತಸಂಬಂಧ ಕಟ್ಟುವವರ ಮಾತನ್ನು ನಾನು ಒಪ್ಪಲಾರೆ. ಮಾತು ಯಾರ ಬಾಯಿಂದ ಯಾರ ಬಾಯಿಗೆ ದಾಟಿತೆಂಬ ದಾರಿ ಸಿಗಬೇಕು. ನಮ್ಮ ಪಾಪಕ್ಕೂ ಆಂಡಿಸಿನ ಪಾಪಕ್ಕೂ ನಡುವೆ ಅಂಥ ದಾರಿಯಿಲ್ಲ; ಅದು ಸಿಕ್ಕಿರುವುದು ಆಲೂಗಡ್ಡೆಯ ಇನ್ನೊಂದು ಹೆಸರಾದ ಬಟಾಟೆಗೆ. ಕೆರಿಬಿಯನ್ ದ್ವೀಪಗಳ ಟೈನೊ ಜನರ 'ಬಟಾಟ' ಮೊದಲು ಗೆಣಸಿನ ಹೆಸರು. ಪೋರ್ಚುಗೀಸರು ಅದನ್ನೇ ಆಲೂಗಡ್ಡೆಗೂ ಅಂಟಿಸಿದರು. ಅವರ ಆ ಮಾತೇ ಗೋವೆಯ ಕೊಂಕಣಿಗೂ ಮರಾಠಿಗೂ ಇಳಿದು, ನಮ್ಮ ಕರಾವಳಿಯಲ್ಲಿ ಬಟಾಟೆಯಾಗಿ, ಉತ್ತರ ಕರ್ನಾಟಕದಲ್ಲಿ ಬಟಾಟಿಯಾಗಿ ಬಳಕೆಯಲ್ಲಿದೆ.