ಭಾವಚಿತ್ರದ ಕೆಳಗೆ ಎರಡು ಅರ್ಜಿ

(ಹುಕ್ಕೇರಿಯಲ್ಲಿ ಬಸವ ಜಯಂತಿಯ ನಿಮಿತ್ತ ಸೇರಿದ್ದ ಶರಣರ ಸಭೆಯಲ್ಲಿ ಆಡಿದ ಮಾತು)



ನನಗೆ ಕೊಟ್ಟ ವಿಷಯ ಸಾರ್ವಜನಿಕ ಜೀವನದಲ್ಲಿ ಧರ್ಮಗಳ ಸಮಾನತೆ. ನಾನು ವಿದ್ವಾಂಸನಲ್ಲ. ಗೋಕಾಕದಲ್ಲಿ ಹುಟ್ಟಿದವನು, ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ತಲಾಟಿಯಾಗಿ ದುಡಿದು ನಿವೃತ್ತನಾದವನು. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಎಂದು ಹೆಸರು. ರೈತರ ಬಾಯಲ್ಲಿ ಮಾತ್ರ ಅದು ಇನ್ನೂ ತಲಾಟಿಯೇ. ಹಾಗಾಗಿ ಶಾಸ್ತ್ರದ ಮಾತು ಬಿಟ್ಟು ಕಚೇರಿಯ ಮಾತು ಆಡುತ್ತೇನೆ. ಅದರಲ್ಲಿ ನನ್ನದೇ ಒಂದು ತಪ್ಪಿನ ಮಾತೂ ಇದೆ.

ನಮ್ಮ ಭಾಗದಲ್ಲಿ ಸೌಹಾರ್ದಕ್ಕೆ ಬರವಿಲ್ಲ. ಗೋಕಾಕ ತಾಲೂಕಿನ ಸಾವಳಗಿ ಶಿವಲಿಂಗೇಶ್ವರ ಮಠಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಶಿವಲಿಂಗೇಶ್ವರರಿಗೂ ಕಲಬುರ್ಗಿಯ ಬಂದೇನವಾಜರಿಗೂ ಇದ್ದ ಗೆಳೆತನದ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತ ಬಂದಿದ್ದಾರೆ. ಮೊಹರಮ್ಮಿನಲ್ಲಿ ನಮ್ಮ ಹುಡುಗರು ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಈ ಹುಕ್ಕೇರಿಯಲ್ಲಂತೂ ಆದಿಲಶಾಹಿ ಕಾಲದ ಗುಮ್ಮಟಗಳನ್ನು ನೋಡುತ್ತಲೇ ನೀವೆಲ್ಲ ಬೆಳೆದಿದ್ದೀರಿ. ಇದೆಲ್ಲ ನಿಜ. ಇದನ್ನು ಎಷ್ಟೋ ಭಾವೈಕ್ಯ ಸಭೆಗಳಲ್ಲಿ ನಾನೂ ಎದೆಯುಬ್ಬಿಸಿ ಹೇಳಿದ್ದೇನೆ. ಆದರೆ ಹಬ್ಬದ ದಿನ ಜತೆಗೆ ಕುಣಿಯುವುದು ಬೇರೆ, ಸೋಮವಾರ ಕಚೇರಿ ತೆಗೆದಾಗ ಇಬ್ಬರ ಕಾಗದಕ್ಕೂ ಒಂದೇ ಸಮನಾಗಿ ಸಹಿ ಹಾಕುವುದು ಬೇರೆ. ಮೊದಲನೆಯದು ನನಗೆ ಹುಟ್ಟಿನಿಂದ ಬಂದಿತ್ತು. ಎರಡನೆಯದನ್ನು ಕಲಿಯಲು ನಿವೃತ್ತಿ ಹತ್ತಿರ ಬರಬೇಕಾಯಿತು.

2019ರ ಆಗಸ್ಟ್ ತಿಂಗಳ ಮಹಾಪೂರ ನಿಮಗೆಲ್ಲ ನೆನಪಿದೆ. ಘಟಪ್ರಭೆ ಉಕ್ಕಿ ಗೋಕಾಕದ ಓಣಿ ಓಣಿಗೆ ನೀರು ಬಂತು, ಲೋಳಸೂರ ಸೇತುವೆ ಮುಳುಗಿತು. ಮೂಡಲಗಿ ಆಗಷ್ಟೇ ಹೊಸ ತಾಲೂಕಾಗಿತ್ತು. ಅಲ್ಲಿಯ ಹೊಳೆದಂಡೆಯ ಒಂದು ಊರು ಆಗ ನನ್ನ ಸಜ್ಜೆಯಲ್ಲಿತ್ತು. ಊರ ಹೆಸರು ಬೇಡ. ಆ ಊರಲ್ಲಿ ನಮ್ಮವರ ರುದ್ರಭೂಮಿಯೂ ಹೊಳೆಯ ದಂಡೆಗೇ, ಮುಸಲ್ಮಾನರ ಕಬರಸ್ತಾನವೂ ಹೊಳೆಯ ದಂಡೆಗೇ. ನಾವೂ ಮಣ್ಣು ಮಾಡುವವರು, ಅವರೂ ಮಣ್ಣು ಮಾಡುವವರು. ನೀರು ಇಳಿದ ಮೇಲೆ ನೋಡಿದರೆ ಎರಡೂ ಕಡೆ ದಂಡೆ ಕುಸಿದು, ಸಮಾಧಿ ಯಾವುದು, ಗೋರಿ ಯಾವುದು ಗೊತ್ತಾಗದಂತೆ ಕೆಸರು ತುಂಬಿತ್ತು.

ಊರ ಮೇಲ್ಭಾಗದ ಗಾಯರಾಣದಲ್ಲಿ ಜಾಗ ಬೇಕೆಂದು ಎರಡು ಅರ್ಜಿ ಬಂದವು, ಒಂದೇ ವಾರದಲ್ಲಿ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಡಿ ಇಂಥ ಸಾರ್ವಜನಿಕ ಕೆಲಸಕ್ಕೆ ಸರಕಾರಿ ಜಮೀನು ಕಾಯ್ದಿರಿಸಬಹುದು. ತಲಾಟಿ ಜಾಗ ನೋಡಿ, ಪಂಚನಾಮೆ ಮಾಡಿ, ವರದಿ ಬರೆದು ಮೇಲೆ ಕಳಿಸಬೇಕು. ಅಲ್ಲಿಂದಲೇ ಕಡತ ಹುಟ್ಟುವುದು.

ನಮ್ಮವರ ಅರ್ಜಿಗೆ ನಾಲ್ಕನೆಯ ದಿನಕ್ಕೆ ವರದಿ ಹೋಯಿತು. ಅವರ ಅರ್ಜಿ ಐದು ತಿಂಗಳು ನನ್ನ ಕಪಾಟಿನಲ್ಲಿತ್ತು.

ಯಾರೂ ನನಗೆ ತಡೆ ಎಂದು ಹೇಳಿರಲಿಲ್ಲ. ಯಾರ ಮೇಲೂ ನನಗೆ ದ್ವೇಷ ಇರಲಿಲ್ಲ. ನಮ್ಮವರು ಬಂದರು, ಕುಳಿತರು, ಚಹಾ ಆಯಿತು, ಒಬ್ಬರು ನಮ್ಮ ಬೀಗರ ಕಡೆಯವರೇ ಇದ್ದರು. ಎದ್ದು ಜಾಗ ನೋಡಲು ಹೋದೆವು. ಇವರು ಬಂದರು, ನಿಂತುಕೊಂಡೇ ಕೇಳಿದರು, ನಾನು ಕೂಡ್ರಿ ಎನ್ನಲಿಲ್ಲ. ಗಾಯರಾಣದಲ್ಲಿ ಅವರಿಗೆ ಜಾಗ ತೋರಿಸಿದರೆ ಯಾರಾದರೂ ತಕರಾರು ತೆಗೆದಾರು, ಗದ್ದಲ ಆದೀತು, ನಿವೃತ್ತಿಯ ಹೊತ್ತಿಗೆ ನನಗೇಕೆ ಬೇಕು ಎಂದುಕೊಂಡೆ. ತಕರಾರು ಮಾಡಿದವರು ಒಬ್ಬರೂ ಇರಲಿಲ್ಲ. ಇಲ್ಲದ ತಕರಾರಿಗೆ ನಾನೇ ಹೆದರಿ, ನಾನೇ ಅದನ್ನು ಎತ್ತಿಹಿಡಿದೆ.

ಅರ್ಜಿ ಹಿಡಿದು ಬರುತ್ತಿದ್ದವರು ಒಬ್ಬ ವಯಸ್ಸಾದ ಕಾಕಾ. "ಸಾಹೇಬ್ರ, ನಮ್ದೇನಾತ್ರಿ?" ಎಂದು ಕೇಳುವರು. "ಮುಂದಿನ ವಾರ ನೋಡೂಣು ಕಾಕಾ" ಎನ್ನುವೆ. ಹೀಗೆ ಚಳಿಗಾಲ ಬಂತು. ಒಂದು ದಿನ ಅವರ ಹೆಂಡತಿ ತೀರಿಕೊಂಡರು. ಕುಸಿದ ದಂಡೆಯಲ್ಲಿ ಅಗೆದರೆ ನೀರು ಒಸರುತ್ತಿತ್ತು. ಟಂಟಂ ಮಾಡಿಕೊಂಡು ಬೀಗರ ಊರಿಗೆ ಒಯ್ದು ಮಣ್ಣು ಮಾಡಿದರು. ನಾಲ್ಕು ದಿನ ಬಿಟ್ಟು ಕಾಕಾ ಮತ್ತೆ ಬಂದರು. ಬಯ್ಯಲಿಲ್ಲ. "ಐವತ್ತು ವರ್ಷ ಈ ಊರಾಗ ಬಾಳೇವು ಮಾಡ್ಯಾಳ್ರಿ. ಮಣ್ಣಿಗೆ ಮಾತ್ರ ಬ್ಯಾರೆ ಊರಿಗೆ ಹೋಗಬೇಕಾತು" ಎಂದರು, ಅಷ್ಟೇ.

ನಾನು ತಲೆ ಎತ್ತಲಾರದೆ ಗೋಡೆ ಕಡೆ ನೋಡಿದೆ. ಗೋಡೆಯ ಮೇಲೆ ಅಪ್ಪ ಬಸವಣ್ಣನವರ ಭಾವಚಿತ್ರ ಇತ್ತು. ಸರಕಾರಿ ಕಚೇರಿಗಳಲ್ಲಿ ಅದನ್ನು ಹಾಕಬೇಕೆಂದು 2017ರಲ್ಲಿ ಆದೇಶವಾದಾಗ ಮುತುವರ್ಜಿಯಿಂದ ತಂದು ಮೊಳೆ ಹೊಡೆದವನು ನಾನೇ. ದಿನಾ ವಿಭೂತಿ ಹಚ್ಚಿಕೊಂಡು ಬಂದು, ಅದಕ್ಕೆ ಕೈಮುಗಿದು, ಅದರ ಕೆಳಗೇ ಕುಳಿತು ಈ ಕೆಲಸ ಮಾಡಿದ್ದೆ.

ಅವತ್ತೇ ಜಾಗಕ್ಕೆ ಹೋದೆ. ಪಂಚನಾಮೆ, ನಕಾಶೆ, ವರದಿ ಎಲ್ಲ ಸೇರಿ ಒಂದೂವರೆ ತಾಸು ಹಿಡಿಯಿತು.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅದೇ ಊರಿನ ಕೇರಿಯವರಿಗೂ ಮಣ್ಣಿಗೆ ಜಾಗದ ತೊಂದರೆ ಇತ್ತು. ಅವರ ಅರ್ಜಿಯಂತೂ ನನ್ನ ಮೇಜಿನವರೆಗೆ ಬಂದೇ ಇರಲಿಲ್ಲ. ಏಕೆ ಬರಲಿಲ್ಲ ಎಂದು ನಾನು ಕೇಳಲೂ ಇಲ್ಲ. ಹರಳಯ್ಯ, ಮಧುವರಸರ ಕಥೆಗೆ ಕಣ್ಣೀರು ಹಾಕುವ ಸಮಾಜ ನಮ್ಮದು.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಲಿಂಗಾಯತ ಸ್ವತಂತ್ರ ಧರ್ಮ, ಅದಕ್ಕೆ ಮಾನ್ಯತೆ ಬೇಕು ಎಂದು 2017ರ ಆಗಸ್ಟ್‌ನಲ್ಲಿ ಬೆಳಗಾವಿಯಲ್ಲಿ ಸೇರಿದ ಜನಸಾಗರದಲ್ಲಿ ನಿಮ್ಮಲ್ಲಿ ಅನೇಕರು ಇದ್ದಿರಿ. ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿ ವರದಿ ಕೊಟ್ಟಿತು. 2018ರ ಮಾರ್ಚ್‌ನಲ್ಲಿ ರಾಜ್ಯ ಸಂಪುಟ ಒಪ್ಪಿ ದೆಹಲಿಗೆ ಕಳಿಸಿತು. ಅದೇ ವರ್ಷದ ಕೊನೆಗೆ ಕೇಂದ್ರ ಒಪ್ಪಲಿಲ್ಲ ಎಂಬ ಸುದ್ದಿ ಬಂತು. ನಮಗೆ ಎಷ್ಟು ನೋವಾಯಿತು! ನಮ್ಮ ಕಾಗದವನ್ನು ಸರಿಯಾಗಿ ನೋಡಲೇ ಇಲ್ಲ ಎಂದು ಮಠ ಮಠಗಳಲ್ಲಿ ಮಾತಾಡಿದೆವು. ನಾನೂ ಮಾತಾಡಿದೆ. ಮರು ವರ್ಷವೇ ನನ್ನ ಕಪಾಟಿನಲ್ಲಿ ಇನ್ನೊಬ್ಬರ ಕಾಗದ ಮಲಗಿತ್ತು. ದೆಹಲಿಯಲ್ಲಿ ನಾವು ಅಲ್ಪಸಂಖ್ಯಾತರೆಂದು ಕೇಳುತ್ತೇವೆ. ನಮ್ಮ ಊರ ಪಂಚಾಯ್ತಿಯಲ್ಲಿ ಮಾತ್ರ ಹೆಚ್ಚು ಕುರ್ಚಿ ನಮ್ಮವೇ. ಆ ಕುರ್ಚಿಯಲ್ಲಿ ಕುಳಿತಾಗ ನಾವು ಹೇಗಿರುತ್ತೇವೆ ಎನ್ನುವುದೇ ನಮ್ಮ ಬೇಡಿಕೆಗೆ ಮೊದಲ ಸಾಕ್ಷಿ ಅಲ್ಲವೆ?

ಅವರು ಹೆಚ್ಚಿರುವ ಕಡೆ ನಮ್ಮನ್ನು ಹೀಗೆ ನೋಡಿಕೊಳ್ಳುತ್ತಾರೆಯೇ ಎಂದು ಒಬ್ಬ ತಮ್ಮ ನನ್ನನ್ನು ಕೇಳಿದ. ಇರಲಿಕ್ಕಿಲ್ಲಪ್ಪ, ಆದರೆ ಅಲ್ಲಿ ನಾನು ತಲಾಟಿ ಇರಲಿಲ್ಲ ಎಂದೆ.

ಸಂವಿಧಾನದ 25ರಿಂದ 28ರವರೆಗಿನ ವಿಧಿಗಳನ್ನು ಇಲ್ಲಿ ಓದಿ ಬೇಸರ ಮಾಡುವುದಿಲ್ಲ. ಒಂದನ್ನು ಮಾತ್ರ ನೆನಪಿಸುತ್ತೇನೆ. ಸರಕಾರಕ್ಕೆ ತನ್ನದೇ ಆದ ಧರ್ಮ ಇರಕೂಡದು, ಎಲ್ಲ ಧರ್ಮದವರನ್ನೂ ಸಮಾನವಾಗಿ ಕಾಣಬೇಕು, ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್‌ನಲ್ಲಿ ಹೇಳಿತು. ಆ ಪ್ರಕರಣಕ್ಕೆ ಇರುವ ಹೆಸರು ನಮ್ಮ ಉತ್ತರ ಕರ್ನಾಟಕದ ಎಸ್. ಆರ್. ಬೊಮ್ಮಾಯಿ ಅವರದು. 1989ರಲ್ಲಿ ಅವರ ಸರಕಾರ ವಜಾ ಆದದ್ದರಿಂದ ಹುಟ್ಟಿದ ದಾವೆ ಅದು. ಸರಕಾರ ಎಂದರೆ ವಿಧಾನಸೌಧ ಒಂದೇ ಅಲ್ಲ. ಹಳ್ಳಿಯವನಿಗೆ ಸರಕಾರ ಎಂದರೆ ತಲಾಟಿ, ಪಿಡಿಒ, ಮಾಸ್ತರ, ಠಾಣೆಯ ಹವಾಲ್ದಾರ.

2024ರ ಜನವರಿಯಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಸರಕಾರ ಸಾರಿತು. ನಾವು ಪೇಢೆ ಹಂಚಿದೆವು. ನನಗೆ ಆ ಪೇಢೆ ಗಂಟಲಲ್ಲಿ ಸ್ವಲ್ಪ ನಿಂತಿತು. ಕಾಕಾ ಕಚೇರಿಯೊಳಗೆ ಬಂದು ನಿಂತಾಗಲೆಲ್ಲ ಎದುರಿಗೆ ಆ ಭಾವಚಿತ್ರವೇ ಕಾಣುತ್ತಿತ್ತು. ಅದು ಯಾರದು, ಏನು ಹೇಳಿದವರದು ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತೋ ಏನೋ.

ಮೊನ್ನೆ ಆ ಊರಿಗೆ ಹೋಗಿದ್ದೆ. ಗಾಯರಾಣದಲ್ಲಿ ಎರಡೂ ಜಾಗ ಅಕ್ಕಪಕ್ಕದಲ್ಲೇ ಇವೆ, ನಡುವೆ ಒಂದು ಬದು. ಮಳೆಗಾಲದಲ್ಲಿ ಹೆಣ ಹೊತ್ತವರ ಕಾಲು ಮೊಣಕಾಲುದ್ದ ಹೂಳುತ್ತದೆ, ದಾರಿ ಇಲ್ಲ. ರುದ್ರಭೂಮಿಗೆ ದಾರಿ ಬೇಕೆಂದು ನಮ್ಮ ಹಿರಿಯರು ಅರ್ಜಿ ಬರೆಸಲು ನನ್ನ ಹತ್ತಿರ ಬಂದರು. ಕಬರಸ್ತಾನದ ಹೆಸರನ್ನೂ ಕೇರಿಯವರ ಬೇಡಿಕೆಯನ್ನೂ ಅದೇ ಹಾಳೆಯಲ್ಲಿ ಸೇರಿಸಿದರೆ ಬರೆಯುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬ ಅಜ್ಜಾರು, "ಬರಿಯಪಾ, ದಾರಿ ಅಂತೂ ಒಂದ" ಎಂದರು. ಮೂರೂ ಕಡೆಯವರ ಸಹಿ, ಹೆಬ್ಬೆಟ್ಟು ಬಿದ್ದಿವೆ. ಅರ್ಜಿ ಈಗ ಕಚೇರಿಯಲ್ಲಿದೆ. ಹೋದ ಸೋಮವಾರ ವಿಚಾರಿಸಿದೆ, ಮುಂದಿನ ವಾರ ಬನ್ನಿ ಎಂದಿದ್ದಾರೆ.