ಮಾರುತಿ 800ಕ್ಕೆ ಒಂದು ಆಯಿಲ್ ಸೀಲ್ ಬೇಕಿತ್ತು

ಇವತ್ತು ನಾನು ಮಾತಾಡೋದು ಒಂದು ರಬ್ಬರ್ ಬಳೆ ಬಗ್ಗೆ. ಅಂಗೈಯಲ್ಲಿ ಇಟ್ಟರೆ ಅಮ್ಮನ ಬಳೆಗಿಂತ ಚಿಕ್ಕದು. ಅದಕ್ಕೋಸ್ಕರ ನಾಲ್ಕು ತಿಂಗಳು ಅಲೆದಿದ್ದೀನಿ.

ಅರಸೀಕೆರೆಯ ನಮ್ಮ ಮನೆ ಮುಂದೆ 1996ರ ಮಾರುತಿ 800 ಒಂದಿದೆ. ಬಿಳಿ ಬಣ್ಣ, ಕಾರ್ಬುರೇಟರ್ ಇಂಜಿನ್, ನಾಲ್ಕು ಗೇರು. ಅಪ್ಪಂದಲ್ಲ, ಅಮ್ಮಂದು. ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ರು, ಸಾಲ ಮಾಡಿ ತಗೊಂಡಿದ್ದು. ಡ್ರೈವಿಂಗ್ ಕಲಿತದ್ದೂ ಅದರಲ್ಲೇ, ಹದಿನೆಂಟು ವರ್ಷ ಸ್ಕೂಲಿಗೆ ಹೋಗಿದ್ದೂ ಅದರಲ್ಲೇ. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಇದೇ ಕಾರಿನ ಮುಂದೆ ನಿಂತ ಫೋಟೋ ಇರುತ್ತೆ. 1983ರ ಡಿಸೆಂಬರ್ 14ಕ್ಕೆ ಇಂದಿರಾ ಗಾಂಧಿ ಮೊದಲ ಕಾರಿನ ಕೀ ಕೊಟ್ಟಿದ್ದು, 2014ರ ಜನವರಿಯಲ್ಲಿ ಕೊನೇ ಕಾರು ಹೊರಗೆ ಬಂದಿದ್ದು. ಮಧ್ಯೆ 25 ಲಕ್ಷಕ್ಕೂ ಹೆಚ್ಚು. ಅಷ್ಟು ಮಾರಿದ ಕಾರಿಗೆ ಪಾರ್ಟ್ ಸಿಗಲ್ಲ ಅಂದ್ರೆ ಯಾರು ನಂಬ್ತಾರೆ?

ಸಮಸ್ಯೆ ಶುರುವಾಗಿದ್ದು ಎಣ್ಣೆ ಸೋರೋದ್ರಿಂದ. ಇಂಜಿನ್ ಪಕ್ಕದಲ್ಲಿ ಟೈಮಿಂಗ್ ಬೆಲ್ಟ್ ಅಂತ ಒಂದು ಇರುತ್ತೆ. ಅದರ ಹಿಂದೆ ತಿರುಗೋ ಶಾಫ್ಟಿನ ಸುತ್ತ ಈ ಸೀಲ್ ಕೂತಿರುತ್ತೆ, ಒಳಗಿನ ಎಣ್ಣೆ ಹೊರಗೆ ಬರದ ಹಾಗೆ. ಸೀಲ್ ಹೋದ್ರೆ ಎಣ್ಣೆ ಸೀದಾ ಬೆಲ್ಟಿನ ಮೇಲೆ. ಎಣ್ಣೆ ಕುಡಿದ ರಬ್ಬರ್ ಬೆಲ್ಟ್ ಜಾಸ್ತಿ ದಿನ ಬಾಳಲ್ಲ, ಅದು ಹೋದ ಜಾಗದಲ್ಲೇ ಗಾಡಿ ನಿಲ್ಲುತ್ತೆ. ಅರವತ್ತು ದಾಟಿದ ಅಮ್ಮ ಒಬ್ಬರೇ ಹೈವೇಯಲ್ಲಿ ನಿಂತಿರೋದನ್ನ ನೆನೆಸ್ಕೊಂಡ್ರೆ ನನಗೆ ನಿದ್ದೆ ಬರ್ತಿರಲಿಲ್ಲ.

ಅದರ ಜೊತೆಗೆ ಆರ್‌ಸಿ ರಿನ್ಯೂವಲ್ ಹತ್ತಿರ ಬಂದಿತ್ತು. ಹದಿನೈದು ವರ್ಷ ಆದಮೇಲೆ ಐದೈದು ವರ್ಷಕ್ಕೆ ಮಾಡಿಸಬೇಕು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳ ರಿನ್ಯೂವಲ್ ಫೀಸನ್ನ 5,000ದಿಂದ 10,000 ರೂಪಾಯಿ ಮಾಡಿದ್ರು. ನಮ್ಮ ಮಾವ ಅಷ್ಟೊತ್ತಿಗಾಗಲೇ ಗುಜರಿಯವನ ನಂಬರ್ ವಾಟ್ಸಾಪ್ ಮಾಡಿದ್ರು. ಅಮ್ಮ ಏನೂ ಹೇಳಲಿಲ್ಲ, ಫೋನ್ ತಿರುಗಿಸಿ ಟೇಬಲ್ ಮೇಲಿಟ್ಟು ಅಡುಗೆಮನೆಗೆ ಹೋದ್ರು. ಅಮ್ಮ ಮಾತಾಡದೇ ಹೋದ್ರೆ ಅದೇನು ಅಂತ ನಮ್ಮ ಮನೇಲಿ ಎಲ್ಲರಿಗೂ ಗೊತ್ತು.

ನಾನಿರೋದು ಬೆಂಗಳೂರಲ್ಲಿ. ಮೊದಲು ಹೋಗಿದ್ದು ಒಂದು ದೊಡ್ಡ ಶೋರೂಮಿಗೆ. ಗಾಜಿನ ಬಾಗಿಲು, ಕಾಫಿ ಮಷಿನ್, ಎಲ್ಲಾ ಇದೆ. ಪಾರ್ಟ್ಸ್ ಕೌಂಟರ್ ಹಿಂದ್ಗಡೆ. ಅಲ್ಲಿದ್ದ ಹುಡುಗ ನನಗಿಂತ ಚಿಕ್ಕವನು, ಪಾಪ, ತುಂಬಾ ಮರ್ಯಾದೆಯಾಗೇ ಮಾತಾಡಿದ. "ಗಾಡಿ ನಂಬರ್ ಹೇಳಿ ಸರ್" ಅಂದ. ಹೇಳಿದೆ. ಕಂಪ್ಯೂಟರಲ್ಲಿ ಏನೂ ಬರಲಿಲ್ಲ. ಚಾಸಿ ನಂಬರ್ ಹಾಕಿದ, ಅದಕ್ಕೂ ಇಲ್ಲ. "ಈ ಮಾಡೆಲ್ ನಿಂತೋಗಿದೆ ಸರ್, ಪಾರ್ಟ್ ಬರಲ್ಲ." ಮುಗೀತು.

ಇನ್ನೊಂದು ಕಡೆಯೂ ಇದೇ ಉತ್ತರ. ಕೊನೆಗೆ ಜೆ.ಸಿ. ರೋಡಿನ ಒಂದು ಅಂಗಡಿಯಲ್ಲಿ ಹಳೇ ಸೀಲ್ ತೋರಿಸಿದೆ. ಕಣ್ಣಳತೆಯಲ್ಲಿ ಒಂದು ತೆಗೆದುಕೊಟ್ರು, ಶಾಫ್ಟಿಗೆ ಸರಿಯಾಗಿ ಕೂತಿತು. ಎರಡು ತಿಂಗಳಿಗೆ ಮತ್ತೆ ಸೋರೋಕೆ ಶುರು. ಒಳಗಿನ ಅಳತೆ ಸರಿ ಇತ್ತು, ದಪ್ಪ ಕಮ್ಮಿ ಇತ್ತು. ಸೀಲಿನ ದುಡ್ಡು ಒಂದು ಬಿರಿಯಾನಿ ದುಡ್ಡು, ಆದ್ರೆ ಅದನ್ನ ಬಿಚ್ಚಿ ಹಾಕೋ ಕೂಲಿ ಅದರ ಹತ್ತರಷ್ಟು. ಎರಡು ಸಲ ಕೊಟ್ಟೆ.

ಇಲ್ಲಿ ಒಂದ್ನಿಮಿಷ ನನ್ನ ಬಿ.ಕಾಂ ಉಪಯೋಗಿಸ್ಕೊಳ್ತೀನಿ, ಅದು ಉಪಯೋಗಕ್ಕೆ ಬರೋದೇ ಅಪರೂಪ. ಸ್ಟೋರ್ಸ್‌ನಲ್ಲಿ ಇರೋ ಸಾಮಾನನ್ನ ಮೂರು ಗುಂಪು ಮಾಡ್ತಾರೆ: ಬೇಗ ಹೋಗೋದು, ನಿಧಾನಕ್ಕೆ ಹೋಗೋದು, ಹೋಗದೇ ಇರೋದು. ಮೂರನೇ ಗುಂಪು ರ‍್ಯಾಕಿನ ಮೇಲೆ ಕೂತಿದ್ರೆ ಅದು ದುಡ್ಡು ಕೂತಿದ್ದ ಹಾಗೆ, ಬಾಡಿಗೆ ಬೇರೆ. ಆಡಿಟ್‌ನಲ್ಲಿ ಮ್ಯಾನೇಜರ್ ಬೈಸ್ಕೋಬೇಕು. ಹಾಗಾಗಿ ದೊಡ್ಡ ಊರಿನ ಡೀಲರ್ ಹಳೇ ಗಾಡಿ ಪಾರ್ಟ್ ಇಟ್ಕೊಳ್ಳಲ್ಲ ಅಂದ್ರೆ ಅದರಲ್ಲಿ ತಪ್ಪಿಲ್ಲ. ಅವರ ವರ್ಕ್‌ಶಾಪಿಗೆ ಬರೋ ಗಾಡಿಗಳೇ ಐದಾರು ವರ್ಷದವು. ಆ ಹುಡುಗ 800ರ ಬಾನೆಟ್ ತೆಗೆದು ನೋಡಿದ್ದಾನೋ ಇಲ್ವೋ.

ಹಾಗಾದ್ರೆ ಗೊತ್ತಿರೋರು ಎಲ್ಲಿರ್ತಾರೆ? ಹಳೇ ಗಾಡಿ ಇನ್ನೂ ದುಡಿಯೋ ಕಡೆ. ಇದನ್ನ ನನಗೆ ಹೇಳಿದ್ದು ನಮ್ಮೂರಿನ ಓಮ್ನಿ ಆಂಬುಲೆನ್ಸ್ ಡ್ರೈವರ್ ಅಣ್ಣ. "ತಿಪಟೂರಿಗೆ ಹೋಗು, ಅಲ್ಲೊಬ್ಬರು ಕೌಂಟರಲ್ಲಿದಾರೆ, ಕನ್ನಡಕದ ಮೇಲಿಂದ ನೋಡ್ತಾರೆ" ಅಂದ. ಅಷ್ಟೇ ಅಡ್ರೆಸ್ಸು. ತಿಪಟೂರು ಅಂದ್ರೆ ಕೊಬ್ಬರಿ ಮಾರ್ಕೆಟ್ಟು, ಓಮ್ನಿ ಬಿಡದೇ ಇಟ್ಕೊಂಡಿರೋ ವ್ಯಾಪಾರಿಗಳು ಅಲ್ಲಿ ಇನ್ನೂ ಇದಾರೆ. 800ಕ್ಕೂ ಓಮ್ನಿಗೂ ಇದ್ದಿದ್ದು ಒಂದೇ ಎಫ್8ಬಿ ಇಂಜಿನ್, 796 ಸಿಸಿ. ಓಮ್ನಿ 2019ರವರೆಗೂ ಬಂತು. ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮೊದಲ ಸಲ ತಪ್ಪು ಹೊತ್ತಿಗೆ ಹೋದೆ, ಬೆಳಿಗ್ಗೆ ಹತ್ತು ಗಂಟೆಗೆ. ಆಗ ಒಳಗಿನ ಮೆಕ್ಯಾನಿಕ್‌ಗಳೆಲ್ಲ ಜಾಬ್ ಕಾರ್ಡ್ ಹಿಡ್ಕೊಂಡು ಕೌಂಟರ್ ಮುಂದೆ ಕ್ಯೂ. ನನ್ನ ಕಡೆ ಯಾರೂ ನೋಡಲಿಲ್ಲ. ಊಟ ಆದಮೇಲೆ ಮೂರು ಗಂಟೆಗೆ ಮತ್ತೆ ಹೋದೆ. ಅವರೊಬ್ಬರೇ ಕೂತಿದ್ರು. (ಹೆಸರು ಹೇಳಬೇಡಪ್ಪ ಅಂದಿದ್ದಾರೆ, ಹೇಳಲ್ಲ.)

ಅವರು ಗಾಡಿ ನಂಬರ್ ಕೇಳಲೇ ಇಲ್ಲ. ಮೊದಲನೇ ಪ್ರಶ್ನೆ, "ಕಾರ್ಬುರೇಟರಾ, ಎಂಪಿಎಫ್‌ಐನಾ?" ಎರಡನೇದು, "ಹಳೇದು ತಂದಿದೀಯಾ?" ತಂದಿದ್ದೆ, ಅಂಗಡಿಯವರು ಕೊಟ್ಟಿದ್ದೂ, ಕಾರಿನಿಂದ ಮೊದಲು ಬಿಚ್ಚಿದ್ದೂ ಎರಡೂ. ಪೇಪರಲ್ಲಿ ಸುತ್ತಿದ್ದನ್ನ ಬಿಚ್ಚಿ, ಬನಿಯನ್ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದ್ರು. ಆಮೇಲೆ ಕಂಪ್ಯೂಟರ್ ಕಡೆ ತಿರುಗಿ, ಮಾಡೆಲ್ ಹೆಸರು ಹಾಕದೇ ಸೀದಾ 09283 ಅಂತ ಟೈಪ್ ಮಾಡಿದ್ರು.

ನಾನು ಕೇಳಿದೆ, ಅದೇನು ಸರ್ ಅಂತ. ಅಲ್ಲಿಂದ ಒಂದು ಗಂಟೆ ಪಾಠ ಆಯ್ತು. ಸುಜುಕಿ ಪಾರ್ಟ್ ನಂಬರಿನ ಮೊದಲ ಐದು ಅಂಕಿ ಅದು ಏನು ಅಂತ ಹೇಳುತ್ತೆ. 16510 ಅಂದ್ರೆ ಆಯಿಲ್ ಫಿಲ್ಟರ್. 13780 ಏರ್ ಫಿಲ್ಟರ್. 23710 ಕ್ಲಚ್ ಕೇಬಲ್. ಅದರ ಮುಂದೆ ಬರೋದು ಯಾವ ಮಾಡೆಲ್‌ಗೆ ಮೊದಲು ಮಾಡಿದ್ದು ಅನ್ನೋದು. ಆದ್ರೆ 09ರಿಂದ ಶುರುವಾದ್ರೆ ಅದು ಯಾವ ಒಂದು ಗಾಡಿಗೂ ಸೇರಿದ್ದಲ್ಲ, ಬೋಲ್ಟು, ಬೇರಿಂಗು, ಸೀಲಿನ ಥರ ಹಲವು ಗಾಡಿಗೆ ಹೋಗೋ ಸಾಮಾನು. 09283 ಅಂದ್ರೆ ಆಯಿಲ್ ಸೀಲ್. ಅದರ ಮುಂದಿನ ಎರಡು ಅಂಕಿ ಸಾಮಾನ್ಯವಾಗಿ ಒಳಗಿನ ಅಳತೆ, ಮಿಲಿಮೀಟರಲ್ಲಿ. ಕೊನೇ ಮೂರು ಅಂಕಿಯಲ್ಲಿ ಇದೆ ವ್ಯತ್ಯಾಸ. ಒಳ ಅಳತೆ ಒಂದೇ ಇದ್ರೂ ದಪ್ಪ ಬೇರೆ, ತುಟಿ ತಿರುಗಿರೋ ದಿಕ್ಕು ಬೇರೆ ಇರಬಹುದು. ನಾನು ಎರಡು ಸಲ ಕೂಲಿ ಕೊಟ್ಟಿದ್ದು ಆ ಮೂರು ಅಂಕಿಗೆ.

ಮಾರುತಿ 800 ಅಂತ ಹುಡುಕಿದ್ರೆ ಸಿಗದಿದ್ದ ಸೀಲ್ ನಂಬರ್ ಹಾಕಿದ ತಕ್ಷಣ ಸಿಕ್ತು. ಹಳೇ ನಂಬರಿನ ಬದಲು ಹೊಸ ನಂಬರ್ ಬಂದಿದೆ, ಅದನ್ನೂ ಅವರೇ ಹಿಡಿದ್ರು. ಸ್ಟಾಕ್ ಇರಲಿಲ್ಲ, ಆರ್ಡರ್ ಹಾಕಬೇಕಿತ್ತು. ನಾನು ಕೇಳೋ ಮೊದಲೇ ಪೂರ್ತಿ ದುಡ್ಡು ಮುಂದಿಟ್ಟೆ. ಅದನ್ನ ನೋಡಿ ಅವರಿಗೆ ಸ್ವಲ್ಪ ಸಮಾಧಾನ ಆಯ್ತು ಅನ್ಸುತ್ತೆ. ತರಿಸಿದ ಮೇಲೆ ಬರದೇ ಇರೋ ಗಿರಾಕಿಗಳಿಂದಲೇ ಅವರ ರ‍್ಯಾಕ್ ತುಂಬಿರೋದು. ನೀವೂ ಹೋದ್ರೆ ಅಡ್ವಾನ್ಸ್ ಕೊಡಿ, ಎಂಆರ್‌ಪಿ ಮೇಲೆ ಚೌಕಾಸಿ ಮಾಡಬೇಡಿ, ಬಿಲ್ಲಿನಲ್ಲಿರೋ ನಂಬರಿನ ಫೋಟೋ ತೆಗೆದಿಟ್ಕೊಳ್ಳಿ. ಬಿಲ್ಲಿನ ಇಂಕು ಆರು ತಿಂಗಳಿಗೆ ಅಳಿಸಿಹೋಗುತ್ತೆ.

ಓಮ್ನಿದೆಲ್ಲ ಆಗುತ್ತೆ ಅಂತ ತಿಳ್ಕೋಬೇಡಿ ಮತ್ತೆ. ನಾನು ಹುಮ್ಮಸ್ಸಲ್ಲಿ "ಕ್ಲಚ್ ಕೇಬಲ್ಲೂ ಓಮ್ನಿದೇ ಕೊಡಿ ಸರ್" ಅಂದೆ. ಕನ್ನಡಕದ ಮೇಲಿಂದ ನೋಡಿದ್ರು. "ಓಮ್ನಿ ಇಂಜಿನ್ ಸೀಟಿನ ಕೆಳಗಿರುತ್ತಪ್ಪ. ಚಕ್ರ ತಿರುಗೋದು ಹಿಂದಿಂದು. ಕೇಬಲ್ ಹೆಂಗೆ ಒಂದೇ ಇರುತ್ತೆ?"

ಒಂಬತ್ತು ದಿನಕ್ಕೆ ಫೋನ್ ಬಂತು. ಸೀಲ್ ಹಾಕಿಸಿದ್ವಿ, ಜೊತೆಗೆ ಹೊಸ ಬೆಲ್ಟ್. ಮೂರು ವಾರ ಮನೆ ಮುಂದೆ ಗಾಡಿ ಕೆಳಗೆ ರಟ್ಟು ಹಾಸಿಟ್ಟು ದಿನಾ ನೋಡಿದ್ರು ಅಮ್ಮ. ಒಂದು ಹನಿ ಇಲ್ಲ.

ಆಮೇಲಿನ ಶನಿವಾರ ತಾವೇ ಓಡಿಸ್ಕೊಂಡು ತಿಪಟೂರಿಗೆ ಹೊರಟ್ರು, ನಾನು ಪಕ್ಕದ ಸೀಟಲ್ಲಿ. ಅವರು ಕೌಂಟರ್ ಬಿಟ್ಟು ಹೊರಗೆ ಬಂದು, ಟಾರ್ಚ್ ಹಿಡ್ಕೊಂಡು ಬಾನೆಟ್ ಒಳಗೆ ಬಗ್ಗಿ ನೋಡಿದ್ರು. "ಗಾಡಿ ಚೆನ್ನಾಗಿಟ್ಕೊಂಡಿದೀರಾ ಮೇಡಂ" ಅಂದ್ರು. ಆಮೇಲೆ ಬೆರಳು ಒರೆಸ್ಕೊಳ್ತಾ, "ಹಿಂದಿನ ಸೀಲೂ ಇನ್ನು ಜಾಸ್ತಿ ದಿನ ಇರಲ್ಲ. ನನಗೆ ಮಾರ್ಚ್‌ಗೆ ರಿಟೈರ್‌ಮೆಂಟು. ಅಷ್ಟರೊಳಗೆ ಆರ್ಡರ್ ಹಾಕಿಬಿಡ್ಲಾ?"

ಅಮ್ಮ ಪರ್ಸ್ ತೆಗೆದ್ರು. "ಎರಡು ಹಾಕಿ" ಅಂದ್ರು.