ಬ್ರೇಕಿನ ಆಯಸ್ಸು, ಆರ್‌ಸಿಯ ಆಯಸ್ಸು

ಬೈಕಿನ ಆರ್‌ಸಿಗೆ ಹದಿನೈದು ವರ್ಷ ತುಂಬುವ ಹೊತ್ತಿಗೆ ಮನೆಮನೆಯಲ್ಲೂ ಒಂದು ಸಣ್ಣ ಗಡಿಬಿಡಿ ಶುರುವಾಗುತ್ತದೆ. ವಿಮೆ ಚಾಲ್ತಿಯಲ್ಲಿದೆಯೇ, ಹೊಗೆ ತಪಾಸಣೆಯ ಚೀಟಿ ಎಲ್ಲಿದೆ, ಇಂಡಿಕೇಟರ್ ಉರಿಯುತ್ತದೆಯೇ, ಒಡೆದ ಕನ್ನಡಿ ಬದಲಿಸಬೇಕೇ ಎಂದೆಲ್ಲ ನೋಡಿ, ಕೊನೆಗೆ ಗ್ಯಾರೇಜಿನವರಲ್ಲಿ ‘ಬ್ರೇಕ್ ಸ್ವಲ್ಪ ಟೈಟ್ ಮಾಡಿ ಕೊಡಿ, ನಾಳೆ ಆರ್‌ಟಿಒದಲ್ಲಿ ತೋರಿಸಲಿಕ್ಕುಂಟು’ ಎನ್ನುತ್ತೇವೆ. ಮರುದಿನ ಬ್ರೇಕ್ ಇನ್‌ಸ್ಪೆಕ್ಟರ್ ನೋಡುತ್ತಾರೆ, ಗಾಡಿ ಪಾಸಾಗುತ್ತದೆ, ಆರ್‌ಸಿಗೆ ಇನ್ನೈದು ವರ್ಷ ಸಿಗುತ್ತದೆ. ಬ್ರೇಕಿಗೂ ಇನ್ನೈದು ವರ್ಷ ಸಿಕ್ಕಿತು ಎಂಬ ಭಾವನೆಯೂ ಅದರ ಜೊತೆಗೇ ಮನಸ್ಸಿಗೆ ಬಂದುಬಿಡುತ್ತದೆ. ಇಂದು ನಾನು ತಕರಾರು ಎತ್ತುವುದು ಈ ಭಾವನೆಯ ಬಗ್ಗೆ. ಆರ್‌ಸಿಯನ್ನು ಎಣಿಸುವುದು ವರ್ಷಗಳಲ್ಲಿ. ಬ್ರೇಕನ್ನು, ಅದರಲ್ಲೂ ಮಂಗಳೂರಿನ ಬ್ರೇಕನ್ನು, ಎಣಿಸಬೇಕಾದದ್ದು ಮಳೆಗಾಲಗಳಲ್ಲಿ.

ಕಾನೂನು ಹೇಳುವುದನ್ನು ಮೊದಲು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನ ಪ್ರಕಾರ ಸ್ವಂತ ಬಳಕೆಯ ಬೈಕು, ಸ್ಕೂಟರುಗಳ ನೋಂದಣಿಗೆ ಹದಿನೈದು ವರ್ಷದ ಅವಧಿ, ನವೀಕರಿಸಿದರೆ ಐದೈದು ವರ್ಷ. ಬಾಡಿಗೆಗೆ ಓಡುವ ವಾಹನಗಳಿಗಾದರೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಇದೆ: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸ್ವಂತ ಬೈಕಿಗೆ ಅದು ಯಾವುದೂ ಇಲ್ಲ. 2019ರ ತಿದ್ದುಪಡಿಯ ನಂತರ ಅಧಿಕೃತ ಡೀಲರಿನಿಂದ ಕೊಂಡ ಹೊಸ ಬೈಕನ್ನು ಮೊದಲ ನೋಂದಣಿಗೂ ಕಚೇರಿಗೆ ತರಬೇಕಾಗಿಲ್ಲ. ಹಾಗಾಗಿ ಇಂದು ರಸ್ತೆಗಿಳಿದ ಒಂದು ಕೆಎ-19 ಬೈಕನ್ನು ಸರ್ಕಾರದ ತಪಾಸಣೆಯ ಕಣ್ಣು ಮೊದಲ ಬಾರಿ ಕಡ್ಡಾಯವಾಗಿ ನೋಡುವುದು ಹದಿನೈದು ವರ್ಷದ ಮೇಲೆ. ಅಷ್ಟರಲ್ಲಿ ಅದರ ಬ್ರೇಕ್ ಶೂಗಳು ಎಷ್ಟೋ ಸಲ ಬದಲಾಗಿರಬೇಕು. ಆದರೆ ಅದೇ ಕಾಯ್ದೆಯ 190ನೇ ಕಲಮು ಇನ್ನೊಂದು ಮಾತು ಹೇಳುತ್ತದೆ. ಅಪಾಯ ತರುವಂಥ ದೋಷ ಗಾಡಿಯಲ್ಲಿದ್ದು, ಅದು ಸವಾರನಿಗೆ ಗೊತ್ತಿದ್ದರೆ, ಅಥವಾ ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗಬಹುದಾಗಿದ್ದರೆ, ಓಡಿಸಿದ್ದೇ ಅಪರಾಧ. ಅಂದರೆ ಆರ್‌ಸಿ ಚಾಲ್ತಿಯಲ್ಲಿದೆ ಎಂಬುದು ಬ್ರೇಕಿನ ವಿಚಾರದಲ್ಲಿ ನಮಗೆ ರಕ್ಷಣೆಯಲ್ಲ. ದಿನನಿತ್ಯದ ತಪಾಸಣೆಯನ್ನು ಕಾನೂನು ಸವಾರನ ಹೆಗಲಿಗೇ ಹಾಕಿದೆ.

ಇನ್ನು ಪರೀಕ್ಷೆಯ ದಿನ ಬ್ರೇಕಿನ ಬಗ್ಗೆ ಏನು ತಿಳಿಯಲು ಸಾಧ್ಯ ಎಂಬ ಪ್ರಶ್ನೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಬೇಸರಿಸಬೇಡಿ. ಒಣಗಿದ ಸಮತಟ್ಟು ರಸ್ತೆಯಲ್ಲಿ ಎರಡೂ ಬ್ರೇಕ್ ಚೆನ್ನಾಗಿರುವ ಬೈಕಿನ ವೇಗವನ್ನು ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 6 ಮೀಟರಿನಷ್ಟು ಇಳಿಸಬಹುದು ಎಂದಿಟ್ಟುಕೊಳ್ಳಿ. ಬ್ರೇಕ್ ಹಾಕಿದಾಗ ಭಾರದ ಹೆಚ್ಚಿನ ಪಾಲು ಮುಂದಿನ ಚಕ್ರಕ್ಕೆ ವಾಲುವುದರಿಂದ, ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ ಇದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆರ್‌ಟಿಒ ಅಂಗಳದಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡಿಸಿ ನಿಲ್ಲಿಸಿದರೆ ಒಳ್ಳೆಯ ಬೈಕು ಎರಡೂವರೆ ಮೀಟರಿನಲ್ಲಿ, ಮುಂದಿನ ಬ್ರೇಕ್ ಸತ್ತ ಬೈಕು ಐದು ಮೀಟರಿನಲ್ಲಿ ನಿಲ್ಲುತ್ತದೆ. ಈ ಎರಡೂವರೆ ಮೀಟರಿನ ಅಂತರ ಬರಿಗಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲ. ಅದೇ ಎರಡು ಬೈಕುಗಳನ್ನು 50ರ ವೇಗದಲ್ಲಿ ನಿಲ್ಲಿಸಿ ನೋಡಿ: ಒಂದಕ್ಕೆ 16 ಮೀಟರ್, ಇನ್ನೊಂದಕ್ಕೆ 32. ಈಗ ರಸ್ತೆಯನ್ನು ಇಳಿಜಾರು ಮಾಡಿ, ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುವಷ್ಟು. ಮೊದಲ ಬೈಕಿಗೆ 19 ಮೀಟರ್ ಸಾಕು, ಎರಡನೆಯದಕ್ಕೆ 48 ಬೇಕು. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ ಇಳಿಯುವವರಿಗೆ, ಕದ್ರಿ ಗುಡ್ಡ ಹತ್ತಿಳಿಯುವವರಿಗೆ ಈ ಕೊನೆಯ ಲೆಕ್ಕ ಮುಖ್ಯ. ಗುಡ್ಡಗಳ ಮೇಲೆ ಕಟ್ಟಿದ ಊರು ನಮ್ಮದು. ಇಲ್ಲಿ ದುರ್ಬಲ ಬ್ರೇಕಿನ ದೋಷ ಸಮತಟ್ಟಿನ ಊರಿಗಿಂತ ಎಷ್ಟೋ ಪಾಲು ದೊಡ್ಡದಾಗಿ ಹೊರಬೀಳುತ್ತದೆ, ಅಂಗಳದ ಪರೀಕ್ಷೆಯಲ್ಲಿ ಮಾತ್ರ ಚಿಕ್ಕದಾಗಿಯೇ ಇರುತ್ತದೆ.

ಇಳಿಜಾರಿನ ಜೊತೆಗೆ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಬ್ರೇಕು ನಾಲ್ಕು ತಿಂಗಳು ನೀರಿನಲ್ಲೇ ಕೆಲಸ ಮಾಡುತ್ತದೆ. ಗುಡ್ಡೆಯಿಂದ ರಸ್ತೆಗೆ ಕೊಚ್ಚಿ ಬರುವ ಮುರಕಲ್ಲಿನ ಕೆಂಪು ಮಣ್ಣು ಡಿಸ್ಕಿಗೂ ಪ್ಯಾಡಿಗೂ ನಡುವೆ ಸೇರಿ ಉಜ್ಜುತ್ತದೆ. ಡ್ರಮ್ ಬ್ರೇಕಿನ ಒಳಗೆ, ಶೂಗಳನ್ನು ಅಗಲಿಸುವ ಕ್ಯಾಮ್ ಎಂಬ ಸಣ್ಣ ದಂಡ ಗ್ರೀಸ್ ಒಣಗಿ ತುಕ್ಕು ಹಿಡಿದರೆ, ಬ್ರೇಕ್ ಹಾಕಿದ್ದು ಹಿಂದಕ್ಕೆ ಬಾರದೆ ಚಕ್ರ ಹಿಡಿದುಕೊಂಡೇ ಇರುತ್ತದೆ. ಎಲ್ಲಕ್ಕಿಂತ ಕಣ್ಣಿಗೆ ಕಾಣದ ಹಾನಿ ಡಿಸ್ಕ್ ಬ್ರೇಕಿನ ಆಯಿಲ್‌ನದ್ದು. ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಎನ್ನುವ ಡಾಟ್-3, ಡಾಟ್-4 ದ್ರವಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ, ಆಟಿ ತಿಂಗಳಿನಲ್ಲಿ ಭರಣಿಯ ಉಪ್ಪಿನ ಹಾಗೆ. ಹೊಸ ಡಾಟ್-4 ಕುದಿಯಬೇಕಾದರೆ ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು. ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದಾಗ ಆ ಮಟ್ಟ 155ಕ್ಕೆ ಇಳಿಯಬಹುದು. ಪೇಟೆಯೊಳಗಿನ ಓಡಾಟದಲ್ಲಿ ಅಷ್ಟು ಬಿಸಿ ಏರುವುದು ಅಪರೂಪ, ನಿಜ. ಆದರೆ ಭಾನುವಾರ ಚಾರ್ಮಾಡಿ ಘಾಟಿ ಹತ್ತಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಇಳಿಯುವಾಗ ಬ್ರೇಕ್ ಹಿಡಿದೇ ಬರುವವರಿಗೆ ಅದು ದೂರದ ಮಾತಲ್ಲ. ಆಯಿಲ್ ಕುದಿದು ಆವಿಯಾದರೆ, ಲಿವರ್ ಒತ್ತಿದಾಗ ಆವಿ ಕುಗ್ಗುತ್ತದೆಯೇ ಹೊರತು ಒತ್ತಡ ಪ್ಯಾಡಿಗೆ ತಲುಪುವುದಿಲ್ಲ. ಘಾಟಿ ಹತ್ತದವರಿಗೂ ಆ ನೀರು ಕ್ಯಾಲಿಪರಿನ ಪಿಸ್ಟನ್ನಿಗೆ ತುಕ್ಕು ತರುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎಂದು ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದು ಇದಕ್ಕೇ.

ಮೊದಲು ಹೇಳಿದ ‘ಸ್ವಲ್ಪ ಟೈಟ್ ಮಾಡಿ ಕೊಡಿ’ ಎಂಬ ಮಾತಿಗೆ ಬರುತ್ತೇನೆ. ಡ್ರಮ್ ಬ್ರೇಕಿನ ನಟ್ಟು ತಿರುಗಿಸಿದರೆ ಪೆಡಲಿನ ಸಡಿಲ ಹೋಗುತ್ತದೆ, ಶೂವಿನ ಸವೆತ ಹೋಗುವುದಿಲ್ಲ. ಸವೆದ ಶೂವನ್ನು ಟೈಟ್ ಮಾಡುತ್ತಾ ಹೋದಂತೆ ಪೆಡಲು ಕಾಲಿಗೆ ಗಟ್ಟಿಯಾಗಿಯೇ ಸಿಗುತ್ತದೆ, ಒಳಗೆ ಲೈನರ್ ಕಾಗದದಷ್ಟಾಗಿರುತ್ತದೆ. ಇದನ್ನು ತಿಳಿಯಲು ಚಕ್ರ ಬಿಚ್ಚಬೇಕಾಗಿಲ್ಲ. ಚಕ್ರದ ಮಧ್ಯೆ, ಬ್ರೇಕ್ ಕೇಬಲ್ ಅಥವಾ ರಾಡು ಬಂದು ಸೇರುವ ತೋಳಿನ ಬುಡದಲ್ಲಿ ಹೆಚ್ಚಿನ ಬೈಕುಗಳಿಗೆ ಒಂದು ಸಣ್ಣ ಬಾಣದ ಗುರುತು, ಅದರ ಪಕ್ಕದಲ್ಲಿ ಡ್ರಮ್ಮಿನ ಮುಚ್ಚಳದ ಮೇಲೆ ಒಂದು ಗೆರೆ ಇರುತ್ತದೆ. ಬ್ರೇಕ್ ಪೂರ್ತಿ ಒತ್ತಿ ಹಿಡಿದಾಗ ಬಾಣ ಆ ಗೆರೆಗೆ ತಾಗಿದರೆ ಶೂ ಮುಗಿಯಿತು, ಇನ್ನು ಟೈಟ್ ಮಾಡುವುದು ಬರೀ ಮೋಸ. ಡಿಸ್ಕಿನಲ್ಲೂ ಇಂಥದೇ ಮೋಸವೊಂದಿದೆ. ಹ್ಯಾಂಡಲಿನ ಮೇಲಿನ ಆಯಿಲ್ ಡಬ್ಬಿಯ ಕಿಟಕಿಯಲ್ಲಿ ಮಟ್ಟ ಕೆಳಗಿನ ಗೆರೆಗೆ ಇಳಿದಿದ್ದರೆ ಸೋರಿಕೆ ಇದೆ, ಇಲ್ಲವೇ ಪ್ಯಾಡ್ ಸವೆದು ಆಯಿಲ್ ಕೆಳಕ್ಕೆ ಹೋಗಿದೆ ಎಂದರ್ಥ. ಕಾರಣ ಹುಡುಕದೆ ಮೇಲಿನಿಂದ ಆಯಿಲ್ ತುಂಬಿಸಿದರೆ ಎಚ್ಚರಿಕೆಯನ್ನೇ ಅಳಿಸಿದಂತೆ. ಟಾರ್ಚ್ ಬಿಟ್ಟು ನೋಡಿದರೆ ಪ್ಯಾಡಿನ ಮೇಲಿನ ಗೀರು ಉಳಿದಿದೆಯೇ ಎಂದು ಕಾಣುತ್ತದೆ. ಡಿಸ್ಕಿನ ಮೇಲೆಯೇ ಅದರ ಕನಿಷ್ಠ ದಪ್ಪವನ್ನು ಮಿಲಿಮೀಟರಿನಲ್ಲಿ ಕೆತ್ತಿರುವುದೂ ಉಂಟು. ಲಿವರನ್ನು ಹತ್ತು ಸೆಕೆಂಡು ಒತ್ತಿ ಹಿಡಿದಾಗ ಅದು ಮೆಲ್ಲಗೆ ಒಳಕ್ಕೆ ಜಾರುತ್ತಿದ್ದರೆ ಎಲ್ಲೋ ಒತ್ತಡ ಸೋರುತ್ತಿದೆ. ಇನ್ನೊಂದು ವಿಷಯ: ತುಕ್ಕಿನ ಹೆದರಿಕೆಯಿಂದ ಕರಾವಳಿಯಲ್ಲಿ ಬೈಕು ತೊಳೆಸಿ ಆಯಿಲ್ ಸ್ಪ್ರೇ ಹೊಡೆಸುವ ಅಭ್ಯಾಸವಿದೆ. ಆ ಆಯಿಲ್ ಡಿಸ್ಕಿಗೆ ಬಿದ್ದರೆ ಪ್ಯಾಡ್ ಜಾರುತ್ತದೆ. ತಪಾಸಣೆಗೆ ಮಿರಿಮಿರಿ ಮಿಂಚಿಸಿ ಒಯ್ದ ಬೈಕಿನ ಬ್ರೇಕೇ ಕೆಟ್ಟಿರಬಹುದು.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಅಪಘಾತಕ್ಕೆ ಕಾರಣ ಸವಾರರೇ ಹೊರತು ಬ್ರೇಕ್ ಅಲ್ಲ ಎನ್ನುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯಂತೆ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ದ್ವಿಚಕ್ರದವರು. ಸಾವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಅತಿವೇಗದ ಲೆಕ್ಕಕ್ಕೆ ಹೋಗಿವೆ. ಆದರೆ ಬ್ರೇಕು ಸಾಮಾನ್ಯವಾಗಿ ಒಮ್ಮೆಗೇ ಕೈಕೊಡುವುದಿಲ್ಲ, ನಿಲ್ಲುವ ದೂರವನ್ನು ಸ್ವಲ್ಪ ಸ್ವಲ್ಪವೇ ಉದ್ದ ಮಾಡುತ್ತಾ ಹೋಗುತ್ತದೆ. 16 ಮೀಟರಿನಲ್ಲಿ ನಿಲ್ಲಬೇಕಾದ ಬೈಕು 25 ಮೀಟರ್ ತೆಗೆದುಕೊಂಡು ಗುದ್ದಿದರೆ ದಾಖಲೆಗೆ ಹೋಗುವುದು ವೇಗವೇ. ಎಷ್ಟು ವೇಗ ಅತಿ ಎಂಬುದು ಎಷ್ಟು ದೂರದಲ್ಲಿ ನಿಲ್ಲಬಲ್ಲಿರಿ ಎಂಬುದರ ಮೇಲೂ ನಿಂತಿದೆ. ಇನ್ನು ಕೆಲವರು ಎಬಿಎಸ್ ಇದೆಯಲ್ಲ ಎನ್ನುತ್ತಾರೆ. 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಹೊಸ ದ್ವಿಚಕ್ರಗಳಿಗೆ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಕನಿಷ್ಠ ಎರಡೂ ಚಕ್ರಕ್ಕೆ ಒಟ್ಟಿಗೆ ಹಿಡಿಯುವ ಸಿಬಿಎಸ್ ಕಡ್ಡಾಯವಾಯಿತು. ಒಳ್ಳೆಯದೇ ಆಯಿತು. ಆದರೆ ಎಬಿಎಸ್ ಚಕ್ರ ಜಾಮ್ ಆಗದಂತೆ ತಡೆಯುತ್ತದೆ, ಸವೆದ ಪ್ಯಾಡಿಗೆ ಹಿಡಿತ ಕೊಡುವುದಿಲ್ಲ.

ಹಾಗಾದರೆ ವರ್ಷವರ್ಷವೂ ಆರ್‌ಟಿಒ ತಪಾಸಣೆ ಇರಲಿ ಎನ್ನೋಣವೇ? ಬ್ರಿಟನ್ನಿನಲ್ಲಿ ಇದೆ. ಮೂರು ವರ್ಷ ದಾಟಿದ ಬೈಕು ಪ್ರತಿ ವರ್ಷ ಎಂಒಟಿ ಪರೀಕ್ಷೆಗೆ ಹೋಗಬೇಕು. ಅಲ್ಲಿ ಬ್ರೇಕಿನ ಸಾಮರ್ಥ್ಯ ಒಂದಕ್ಕೆ ನೂರಕ್ಕೆ 30, ಇನ್ನೊಂದಕ್ಕೆ 25ಕ್ಕಿಂತ ಕಡಿಮೆ ಬಂದರೆ ಫೇಲು. ಫ್ರಾನ್ಸಿನಲ್ಲಿ ಬೈಕುಗಳ ತಪಾಸಣೆ ಶುರುವಾದದ್ದು 2024ರ ಏಪ್ರಿಲಿನಲ್ಲಷ್ಟೇ. ಜಪಾನಿನಲ್ಲಿ 250 ಸಿಸಿವರೆಗಿನ ಬೈಕುಗಳಿಗೆ ಕಡ್ಡಾಯ ತಪಾಸಣೆಯೇ ಇಲ್ಲ, ಅಂದರೆ ನಮ್ಮ ಬೀದಿಯ ಹೆಚ್ಚಿನ ಬೈಕುಗಳಿಗೆ ಅಲ್ಲಿ ವಿನಾಯಿತಿ ಸಿಗುತ್ತಿತ್ತು. ಹಾಗಾಗಿ ಅಭಿವೃದ್ಧಿ ಹೊಂದಿದ ದೇಶಗಳೆಲ್ಲ ಮಾಡುತ್ತವೆ, ನಾವೂ ಮಾಡೋಣ ಎಂಬ ವಾದ ನಿಲ್ಲುವುದಿಲ್ಲ. ನಮ್ಮಲ್ಲಿ ವಾರ್ಷಿಕ ತಪಾಸಣೆ ಎಂದರೆ ಸರದಿ, ಏಜೆಂಟ್, ದಿನದ ಸಂಬಳ ನಷ್ಟ ಎಂದು ಜನ ಹೆದರಿದರೆ ಅದರಲ್ಲಿ ತಪ್ಪಿಲ್ಲ. 2022ರ ಏಪ್ರಿಲಿನಲ್ಲಿ ಹಳೆಯ ಬೈಕಿನ ನವೀಕರಣ ಶುಲ್ಕ 300 ರೂಪಾಯಿಯಿಂದ 1,000 ಆದಾಗಲೇ ಬಿಸಿ ಮುಟ್ಟಿತ್ತು. ನನಗೆ ಸರಿ ಕಾಣುವುದು ಇನ್ನೂ ಸಣ್ಣ ದಾರಿ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೊಗೆ ತಪಾಸಣೆಗೆ ಬೈಕು ಹೇಗೂ ಹೋಗುತ್ತದೆ. ಅಲ್ಲೇ ಆ ಬಾಣವನ್ನೂ ಆಯಿಲ್ ಕಿಟಕಿಯನ್ನೂ ನೋಡಿ ಚೀಟಿಯಲ್ಲಿ ಒಂದು ಸಾಲು ಬರೆದರೆ ಸಾಕು, ದಂಡ ಬೇಡ. ಅದೂ ಒಂದು ಠಸ್ಸೆಯಾಗಿ ಹೋಗಬಹುದು ಎಂದರೆ, ಹೌದು, ಹೋಗಬಹುದು. ಆದರೆ ಆ ಸಾಲನ್ನು ಓದಿದ ಸವಾರ ಮನೆಯಂಗಳದಲ್ಲಿ ತಾನೇ ಬಗ್ಗಿ ಆ ಬಾಣವನ್ನು ನೋಡಬಲ್ಲ. ಇಂಜಿನ್ನಿನ ಹೊಗೆಯನ್ನು ಅಳೆಯಲು ಯಂತ್ರ ಬೇಕು, ಇದಕ್ಕೆ ಬೇಡ.

ಅಲ್ಲಿಯವರೆಗೆ ದಿನಾಂಕ ನಾವೇ ಇಟ್ಟುಕೊಳ್ಳಬೇಕು. ತುಳುನಾಡಿನಲ್ಲಿ ಅದಕ್ಕೆ ಪಂಚಾಂಗ ಸಿದ್ಧವಾಗಿಯೇ ಇದೆ. ಮೇ ತಿಂಗಳ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೃಷಿಕರು ಮಳೆಗೆ ಅಣಿಯಾಗುತ್ತಾರೆ. ಬ್ರೇಕನ್ನೂ ಅಣಿ ಮಾಡಲು ಅದೇ ಸರಿಯಾದ ಹೊತ್ತು. ಆಗ ಆಯಿಲ್, ಪ್ಯಾಡ್, ಕೇಬಲ್ ನೋಡಿಸಿ, ಆಯಿಲ್ ಬದಲಿಸುವುದಾದರೆ ಸೀಲ್ ಒಡೆಯದ ಹೊಸ ಬಾಟಲಿಯನ್ನೇ ಕೇಳಿ. ಮುಚ್ಚಳ ತೆರೆದು ಕಪಾಟಿನಲ್ಲಿಟ್ಟ ಹಳೆಯ ಬಾಟಲಿ ಆಗಲೇ ತೇವ ಕುಡಿದಿರುತ್ತದೆ. ಮಳೆ ಮುಗಿದ ಮೇಲೆ ಡ್ರಮ್ ಬಿಚ್ಚಿ, ಒಳಗಿನ ಕೆಸರು ಒರೆಸಿ, ಕ್ಯಾಮಿಗೆ ಗ್ರೀಸ್ ಹಚ್ಚಿಸಬೇಕು. ಒಳಗಿನ ಧೂಳನ್ನು ಬಾಯಿಯಿಂದ ಊದಲು ಮಾತ್ರ ಬಿಡಬೇಡಿ, ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು. ಆಯುಧಪೂಜೆಗೆ ಹೇಗೂ ಬೈಕು ತೊಳೆಸಿ, ಹೂ ಮುಡಿಸಿ, ಚಕ್ರದಡಿ ಲಿಂಬೆಹಣ್ಣು ಇಡುತ್ತೇವೆ. ಈ ಕೆಲಸಕ್ಕೆ ಅದಕ್ಕಿಂತ ಒಂದು ವಾರ ಮುಂಚೆ ಹೋಗುವುದು ಒಳ್ಳೆಯದು. ಪೂಜೆಯ ಹಿಂದಿನ ದಿನ ಗ್ಯಾರೇಜಿನವರಿಗೆ ಡ್ರಮ್ ಬಿಚ್ಚುವ ಪುರುಸೊತ್ತು ಇರುವುದಿಲ್ಲ, ಟೈಟ್ ಮಾಡಿ ಕಳಿಸಿಬಿಡುತ್ತಾರೆ.